ಅಂಚಿನಲ್ಲಿ ಪೆನ್ಸಿಲ್

ನನ್ನ ಬಳಿ ಇರುವುದು ಏಳು ಪುಸ್ತಕ.
ಏಳರಲ್ಲಿ ಒಂದು ಈಗ ಕಪಾಟಿನಲ್ಲಿಲ್ಲ,
ಮಾನಿಟರಿನ ಅಡಿಯಲ್ಲಿದೆ.
ಪುಟವನ್ನೆಲ್ಲ ಕೋಷ್ಟಕದಲ್ಲೇ ಕಟ್ಟಬೇಕೆಂದು
ಆಣೆ ಹಾಕಿ ಹೇಳಿದ ಪುಸ್ತಕ ಅದು.
ಬರೆದವನ ಮಾತು ಹಳತಾಯಿತು,
ದಪ್ಪ ಹಳತಾಗಲಿಲ್ಲ.
ಸರಿಯಾಗಿ ನಾಲ್ಕು ಬೆರಳು. ಕುತ್ತಿಗೆ ನೋವು ಕಡಿಮೆಯಾಗಿದೆ.

ಎರಡನೆಯದು ಬಣ್ಣದ ಕುರಿತು.
ಉಡುಪಿ ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರ
ಪಿಯುಸಿ ಗೈಡುಗಳ ರಾಶಿಯ ಕೆಳಗೆ ಸಿಕ್ಕಿದ್ದು, ನೂರಿಪ್ಪತ್ತು ರೂಪಾಯಿಗೆ.
ನೀಲಿಯ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದಾರೆ.
ಹಾಗಾಗಿ ನನಗೆ ನೀಲಿ ಗೊತ್ತಿಲ್ಲ.
ಕೊಂಡಿಗಳಿಗೆ ಬಣ್ಣ ಹಚ್ಚುವಾಗಲೆಲ್ಲ
ಮಲ್ಪೆ ಧಕ್ಕೆಯಲ್ಲಿ ಒಣಗುವ ಬಲೆಯನ್ನು ನೆನೆದು
ಅಂದಾಜಿನಲ್ಲಿ ಹಚ್ಚುತ್ತೇನೆ.
ಇದುವರೆಗೆ ಯಾರೂ ದೂರು ಕೊಟ್ಟಿಲ್ಲ.

ಮೂರನೆಯದು ಅಕ್ಷರಗಳ ಪುಸ್ತಕ.
ಕಿನ್ನಿಮೂಲ್ಕಿಯ ಕೋಣೆಯಲ್ಲಿ
ಕೆಳಗಿನ ಗ್ಯಾರೇಜಿನ ಶಟರು ಬಿದ್ದ ಮೇಲೆ ಓದುತ್ತಿದ್ದೆ.
ಸಾಲಿನಿಂದ ಸಾಲಿಗೆ ಇಷ್ಟು ಅಂತರ ಸಾಕು, ಎನ್ನುತ್ತದೆ ಅದು,
ಎಷ್ಟು ಮರ್ಯಾದೆಯಿಂದ ಎಂದರೆ
ಎದುರು ಮಾತಾಡಲು ನಾಚಿಕೆ.
ನಂಬಿದೆ.
ಬೆಳಿಗ್ಗೆ ಊರುಗಳ ಪಟ್ಟಿ ಹಾಕಿದರೆ
ಕೊಕ್ಕರ್ಣೆಯ ಒತ್ತು
ಹಿರಿಯಡಕದ ಗುಡಿಸಿನ ಮೇಲೆ ಕಾಲಿಟ್ಟು ನಿಂತಿದೆ.
ಬರೆದವನ ಅಕ್ಷರಗಳಿಗೆ ಕೆಳಗಡೆ ಒಕ್ಕಲಿಲ್ಲ,
ಅವು ಒಂಟಿ ಮನೆಗಳು, ಒಂದರ ಪಕ್ಕ ಒಂದು.
ನಮ್ಮವು ಹಾಗಲ್ಲ,
ಮರಿ ಕಚ್ಚಿಕೊಂಡ ಬೆಕ್ಕಿನ ಹಾಗೆ
ಇನ್ನೊಂದನ್ನು ತೂಗಿಸಿಕೊಂಡೇ ದಾಟುತ್ತವೆ ಸಾಲನ್ನು.

ಸಾಲ್ವದೋರ್ ಬಾಪ್ಪು ನಕ್ಕರು.
ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರು.
'ಒತ್ತಿಗೆ ಉಸಿರು ಬೇಕು ಮಗಾ.
ನಾವು ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದೆವು.
ಕಾಗದ ಹಾಳು ಅಂತ ಧಣಿ ಬೈಯುತ್ತಿದ್ದರು.
ಅವರು ಊಟಕ್ಕೆ ಹೋದ ಮೇಲೆ ನಾನು ಇನ್ನೊಂದು ಇಡುತ್ತಿದ್ದೆ.'
ಮತ್ತೆ ನನ್ನ ಚೀಲದಿಂದ ನಾಲ್ಕನೆಯ ಪುಸ್ತಕ ತೆಗೆದು,
ಓದಲಿಲ್ಲ,
ಅಂಚಿನಲ್ಲಿ ಹೆಬ್ಬೆರಳಿಟ್ಟು ನೋಡಿದರು.
'ಇದನ್ನು ಮಾಡಿದವನಿಗೆ ಗೊತ್ತಿದೆ,
ಹಿಡಿಯುವವನಿಗೂ ಬೆರಳಿದೆ ಅಂತ.'

ಆ ರಾತ್ರಿ ಓದಿದ್ದು ಗುಂಡಿಗಳ ಅಧ್ಯಾಯ:
ಬೆರಳ ತುದಿ ಇಷ್ಟಗಲ, ಆದ್ದರಿಂದ ಗುಂಡಿ ಇಷ್ಟಗಲ.
ಚಿತ್ರವೂ ಇತ್ತು. ಒಣಗಿದ, ಉಗುರು ಕತ್ತರಿಸಿದ,
ಯಾವ ಕೆಲಸಕ್ಕೂ ಅವಸರವಿಲ್ಲದ ಬೆರಳು.
ಅದರಂತೆಯೇ ಮಾಡಿದೆ,
ಮೀನು ಮಾರುವ ಹೆಂಗಸರ ಸಂಘಕ್ಕೆ
ಮಂಜುಗಡ್ಡೆ ತರಿಸುವ ಪುಟ.
ಹಸಿರು ಗುಂಡಿ, ಮೂಲೆ ಸ್ವಲ್ಪ ದುಂಡಗೆ, ಚೆಂದ.

ಬೇಬಿಯಕ್ಕ ಒತ್ತಿದರು. ಆಗಲಿಲ್ಲ.
ಸೆರಗಿಗೆ ಒರೆಸಿಕೊಂಡು ಒತ್ತಿದರು. ಸೆರಗೂ ಒದ್ದೆ.
ಬಂಗುಡೆ ಬುಟ್ಟಿಯಿಂದ ಜಾರಿದ ಹನಿಯೊಂದು
ತಾನೇ ಒತ್ತಿಬಿಟ್ಟಿತೋ ಏನೋ,
ಎರಡರ ಬದಲು ಇಪ್ಪತ್ತೆರಡು ಪೆಟ್ಟಿಗೆ.
ಬಂದೂ ಬಿಟ್ಟಿತು, ಟೆಂಪೋದಲ್ಲಿ.
ಧಕ್ಕೆಯ ಬಿಸಿಲಲ್ಲಿ ನಿಂತು
ಅದು ಕರಗುವುದನ್ನು ಎಲ್ಲರೂ ನೋಡಿದೆವು.
ಬೇಬಿಯಕ್ಕ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.
'ಅಲ್ಲ ಮಾರಾಯ, ನಿನ್ನ ಪುಸ್ತಕ ಬರೆದವರು
ಮೀನು ತಿನ್ನುವುದಿಲ್ಲವಾ?'

ತಿನ್ನುತ್ತಾರೆ, ಬೇಬಿಯಕ್ಕ.
ಕೊಯ್ಯುವುದಿಲ್ಲ.

ಗುಂಡಿ ಈಗ ಪರದೆಯಷ್ಟೇ ಅಗಲ.
ಒತ್ತಿದ ಮೇಲೆ ಒಮ್ಮೆ ಕೇಳುತ್ತದೆ: ಎರಡೇ ಅಲ್ವಾ?
ನೋಡಲು ಚೆಂದವಿಲ್ಲ.
ಸಾಲುಗಳ ನಡುವೆ ಒಂದು ಪಟ್ಟಿ ಹೆಚ್ಚೇ ಇಟ್ಟಿದ್ದೇನೆ,
ಕೊಕ್ಕರ್ಣೆ ತನ್ನ ಕಾಲು ಚಾಚಿಕೊಂಡಿದೆ.

ಉಳಿದ ಮೂರು ಪುಸ್ತಕಗಳ ಸಂಗತಿ ಹೇಳಲಿಲ್ಲ.
ಎರಡನ್ನು ತೆರೆದಿಲ್ಲ. ಒಂದು ಗ್ರಂಥಾಲಯದ್ದು,
ದಂಡಕ್ಕೆ ಹೆದರಿ ಆ ಬೀದಿಯಲ್ಲೇ ಹೋಗುತ್ತಿಲ್ಲ.
ನಾಲ್ಕನೆಯದರಲ್ಲಿ, ನೂರ ಹದಿನೆಂಟನೆಯ ಪುಟ,
ಹೆಬ್ಬೆರಳಿಗೆಂದು ಬಿಟ್ಟ ಅಗಲ ಅಂಚು.
ಆ ಬೆರಳಿನ ಚಿತ್ರದ ಪಕ್ಕ
ಪೆನ್ಸಿಲಿನಲ್ಲಿ ಬರೆದಿಟ್ಟೆ:
ಒದ್ದೆಯಾಗಿರಬಹುದು.