ಐಸ್ ಪ್ಲಾಂಟಿನ ತಾರೀಕು

ಬೆಳಗಿನ ನಾಲ್ಕಕ್ಕೆ ಮಲ್ಪೆ ದಕ್ಕೆಯಲ್ಲಿ
ದೋಣಿಗೆ ಐಸು ತುಂಬುವ ಹೊತ್ತು
ಮೊಬೈಲು ಹಿಡಿದು ನಿಂತಿರುತ್ತೇನೆ:
‘ಕಡಲಸಿರಿ’ಗೆ ನಲವತ್ತು ಬ್ಲಾಕು,
‘ಪಂಚಮಿ’ಗೆ ಅರುವತ್ತೆರಡು, ಅದರಲ್ಲಿ ಎರಡು ಒಡೆದದ್ದು,
ಒಡೆದದ್ದಕ್ಕೆ ದುಡ್ಡಿಲ್ಲ ಎಂದು ತಾಂಡೇಲ ಹೇಳಿದ್ದು,
ಇರಲಿ ಎಂದು ಅದನ್ನೂ ನಾನು ಬರೆದುಕೊಂಡದ್ದು.

ಒಂಬತ್ತಕ್ಕೆ ಮೆಟ್ಟಿಲು ಹತ್ತಿ ಆಫೀಸಿಗೆ ಬಂದರೆ
ಎಲ್ಲ ತಾನಾಗಿಯೇ ಕಂಪ್ಯೂಟರಿಗೆ ಇಳಿದಿರಬೇಕು.
ವಯರು ಬೇಡ, ಪೆನ್‌ಡ್ರೈವು ಬೇಡ,
ಗಾಳಿಯಲ್ಲೇ ಬರುತ್ತದೆ ಅಂದಿದ್ದ ಫಾಝಿಲ್,
ಹೂಡೆಯವನು, ಮಾತು ಕಡಿಮೆ, ಬಿಲ್ಲು ಸ್ವಲ್ಪ ಜಾಸ್ತಿ.
ಎಂಟು ತಿಂಗಳು ಬಂತು ಕೂಡ.
ಸೋಮವಾರದಿಂದ ಇಲ್ಲ.

ಪರದೆಯ ಮೇಲೆ ಎರಡು ಬಾಣ
ಒಂದರ ಬಾಲ ಇನ್ನೊಂದು ಹಿಡಿಯಲು ಸುತ್ತುತ್ತವೆ,
ಸುತ್ತಿ ಸುತ್ತಿ ಸುಸ್ತಾಗಿ
ಕೆಂಪು ಗೆರೆ ಬಿದ್ದು ನಿಲ್ಲುತ್ತವೆ.

ಎರಡೂ ಒಂದೇ ಮೇಜಿನ ಮೇಲೆ ಉಂಟು.
ನಡುವೆ ಒಂದು ಚಾ ಲೋಟದ ಅಂತರ.
ಆ ಲೋಟ ಕೂಡ ತೆಗೆದು ನೋಡಿದೆ.

ಆಫ್ ಮಾಡಿ ಆನ್ ಮಾಡಿದೆ,
ಫ್ಯಾನಿಗೆ ನಡೆಯುವ ಮದ್ದು ಇದಕ್ಕೂ ನಡೆಯಲಿ ಎಂದು.
ಕೆಳಗೆ ಐಸು ಪುಡಿ ಮಾಡುವ ಮೋಟಾರು
ನಿಲ್ಲಿಸಲು ಹೇಳಿದೆ; ಲಾರಿಯವರು ಬೊಬ್ಬೆ ಹಾಕಿದರು.
ಪಾಸ್‌ವರ್ಡು ಮತ್ತೆ ಹೊಡೆದೆ.
ಅದು ಧನಿಗಳ ಮೊದಲ ದೋಣಿಯ ಹೆಸರು.
ದೋಣಿ ಮುಳುಗಿ ಎಷ್ಟೋ ವರ್ಷ,
ಬಾಗಿಲು ತೆರೆಯಲು ಈಗಲೂ ಅದೇ ಬೇಕು.

ಫಾಝಿಲ್ ಫೋನಿನಲ್ಲಿ ಕೇಳಿದ:
‘ಎರಡೂ ಒಂದೇ ವೈಫೈಯಲ್ಲಿ ಉಂಟಾ ಅಕ್ಕ?’
ನೋಡಿದರೆ ಮೊಬೈಲು
ಪಕ್ಕದ ಬಲೆ ಅಂಗಡಿಯ ವೈಫೈಗೆ ಹೋಗಿ ಕೂತಿತ್ತು,
ಯಾರದೋ ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕುವ ಹಾಗೆ.
ಎಳೆದು ತಂದೆ. ಆದರೂ
ಬಾಣ ಸುತ್ತಿತು, ಗೆರೆ ಬಿತ್ತು.

ದುಗ್ಗಣ್ಣ ಮೇಲೆ ಬಂದ, ಗೋಣಿಯಲ್ಲಿ ಕೈ ಒರೆಸುತ್ತ.
ಮೂವತ್ತು ವರ್ಷ ಐಸು ಎಳೆದ ಕೈ;
ಮುಟ್ಟಿದರೂ ಮುಟ್ಟಿಲ್ಲ ಅನ್ನುತ್ತದೆ ಮೊಬೈಲಿನ ಪರದೆ.
ಬಗ್ಗಿ ಕೆಳಮೂಲೆ ನೋಡಿದ.
‘ಎಂಚಿನ ಮಾರಾಯ್ತಿ, ನಿನ್ನ ಪೆಟ್ಟಿಗೆಯಲ್ಲಿ ಇವತ್ತು ಯಾವ ದಿನ?’

ಒಂದು, ಜನವರಿ, ಎರಡು ಸಾವಿರದ ಒಂಬತ್ತು.

ಒಳಗಿನ ಸೆಲ್ಲು ಸತ್ತಿದೆ, ಅಂದ ಫಾಝಿಲ್. ಉಪ್ಪುಗಾಳಿ.
ನಾಲ್ಕಾಣೆಯಷ್ಟಗಲದ ಸೆಲ್ಲು.
ರಾತ್ರಿ ಕರೆಂಟು ಹೋದದ್ದೇ
ಕಂಪ್ಯೂಟರು ಹುಟ್ಟಿದ ದಿನಕ್ಕೆ ಮರಳಿ ಮಲಗುತ್ತದೆ.
ಬೆಳಿಗ್ಗೆ ಮೊಬೈಲು ಬಂದು ಇವತ್ತಿನ ಲೆಕ್ಕ ಒಪ್ಪಿಸಿದರೆ
ಅದು ಹೇಗೆ ನಂಬೀತು?
ಇನ್ನೂ ಆಗದ್ದನ್ನು ಆಯಿತು ಅನ್ನುವವರ ಜತೆ
ನಾನಾದರೂ ವ್ಯವಹಾರ ಇಟ್ಟುಕೊಳ್ಳುತ್ತೇನಾ?

ಸೆಲ್ಲು ತರಲು ಹುಡುಗ ಉಡುಪಿಗೆ ಹೋದ.
ಬರುವ ತನಕ ಆ ತಾರೀಕಿನ ಎದುರು ಕೂತೆ.
‘ಪಂಚಮಿ’ಯ ಮರ ಇನ್ನೂ ಹಲಗೆಯಾಗಿರಲಿಲ್ಲ.
ಜಯಕರ ಮೆಂಡನ್ ಕೊಡಬೇಕಾದ ಒಂದು ಲಕ್ಷದ ಎಂಬತ್ತು ಸಾವಿರ
ಅವನು ತೆಗೆದುಕೊಂಡೇ ಇರಲಿಲ್ಲ; ಎದುರು ಸಿಕ್ಕರೆ
ರಸ್ತೆ ದಾಟಿ ಆಚೆ ಹೋಗುತ್ತಿರಲಿಲ್ಲ,
ನಿಂತು ಮಾತಾಡುತ್ತಿದ್ದ.
ನಾನು ಮೀನು ಒಣಗಿಸುವಲ್ಲಿ ಕಾಗೆ ಓಡಿಸುತ್ತಿದ್ದೆ,
ಸಂಜೆಯ ಲೆಕ್ಕ ಸಂಜೆಗೇ ಮುಗಿಯುತ್ತಿತ್ತು.

ದುಗ್ಗಣ್ಣ ತನ್ನ ಎಡಗೈ ನೋಡಿಕೊಂಡ:
ಐದೂ ಬೆರಳಿದ್ದ ವರ್ಷ.
ಏನೂ ಹೇಳಲಿಲ್ಲ. ಕೆಳಗಿಳಿದು ಹೋದ.
ಪುಡಿ ಮೋಟಾರಿನ ಸದ್ದು ಮತ್ತೆ ಶುರುವಾಯಿತು.

ಹನ್ನೆರಡೂವರೆಗೆ ಸೆಲ್ಲು ಬಂತು.
ಫಾಝಿಲ್ ಹೇಳಿದ ಹಾಗೆ ಸ್ಕ್ರೂ ಬಿಚ್ಚಿ ಕೂರಿಸಿದೆ,
ತಾರೀಕು ನಾನೇ ಸರಿ ಮಾಡಿದೆ,
ವರ್ಷವನ್ನು ಒಂದೊಂದಾಗಿ ಮೇಲಕ್ಕೊತ್ತುತ್ತ:
ಹತ್ತು, ಹನ್ನೊಂದು, ಹನ್ನೆರಡು.
ಹದಿನಾಲ್ಕರಲ್ಲಿ ಸ್ವಲ್ಪ ನಿಂತೆ.
ಯಾಕೆಂದು ಇಲ್ಲಿ ಬರೆಯುವುದಿಲ್ಲ.
ಮತ್ತೆ ಒತ್ತಿದೆ.

ಬಾಣ ಸುತ್ತಿತು. ಸೋಮವಾರ ಬಂತು, ಮಂಗಳವಾರ ಬಂತು,
‘ಪಂಚಮಿ’ಯ ಅರುವತ್ತೆರಡು ಬಂತು,
ಮೆಂಡನ್ನನ ಹೊಸ ಬಾಕಿಯೂ ಬಂತು.
ಒಡೆದ ಆ ಎರಡು ಬ್ಲಾಕು ಮಾತ್ರ
ಎರಡೆರಡು ಸಲ ಬಂತು.
ಯಾವುದನ್ನು ಇಟ್ಟುಕೊಳ್ಳಲಿ, ಕಂಪ್ಯೂಟರು ಕೇಳಿತು.
ಕರಗಿ ಹೋದದ್ದನ್ನು ಇಟ್ಟುಕೊಳ್ಳುವುದು ಹೇಗೆ ಮಾರಾಯ,
ಮೇಲಿನದ್ದನ್ನು ಒತ್ತಿ
ಊಟಕ್ಕೆ ಹೋದೆ.