ಮೂರನೆಯ ಪೆಟ್ಟಿಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಹಿಂದಿನ ಕೋಣೆ.
ಒಂದರ ಮೇಲೊಂದು ನಾಲ್ಕು ಸ್ವಿಚ್ಚು,
ಬೆನ್ನಿನಿಂದ ಬೆನ್ನಿಗೆ ಗಿಡ್ಡ ಕೇಬಲ್ಲು,
ಕೊನೆಯದರಿಂದ ಮತ್ತೆ ಮೊದಲನೆಯದಕ್ಕೆ ಉದ್ದನೆಯದೊಂದು.
ಉಂಗುರ. ಎಲ್ಲಿಂದ ಹೊರಟರೂ ಎರಡು ದಾರಿ.
ಹೊರಗಿನವರಿಗೆ ನಾಲ್ಕಲ್ಲ,
ಒಂದೇ ಹೆಸರು, ಒಂದೇ ವಿಳಾಸ.

ಹತ್ತೂಕಾಲು. ಇನ್ನೂರ ಹನ್ನೊಂದನೇ ಲಾಟಿನ ಬೆಲೆ ಏರುತ್ತಿತ್ತು.
ಮೊದಲನೆಯದರ ಕರೆಂಟಿನ ಡಬ್ಬಿಯೊಳಗೆ
ಒಂದು ಹಲ್ಲಿ
ಬೆಚ್ಚಗಿದೆಯೆಂದು ಮಲಗಲು ಹೋಯಿತು.

ಠಪ್.
ಹಜಾರದ ಪರದೆಯಲ್ಲಿ ಅಂಕಿ ನಿಂತವು.
ಮೊಬೈಲಿನ ಮೇಲೆ ರೀಲರುಗಳ ಹೆಬ್ಬೆರಳು ನಿಂತಿತು.
ಗೂಡಿನ ವಾಸನೆ ಮಾತ್ರ ನಿಲ್ಲಲಿಲ್ಲ.
ಆಗ ಚೌಡಪ್ಪ,
ಒಂದು ಕಾಲಕ್ಕೆ ಹರಾಜು ಕೂಗುತ್ತಿದ್ದವನು,
ಈಗ ತಟ್ಟೆಗಳಿಗೆ ಚೀಟಿ ಸಿಕ್ಕಿಸುವವನು,
ಯಾರೂ ಹೇಳದೆ ಎದ್ದು ನಿಂತು ಗಂಟಲು ಬಿಟ್ಟ:
"ನಾನೂರಾ ಹತ್ತು... ನಾನೂರಾ ಹತ್ತೂ..."

ಒಳಗೆ ಉಳಿದ ಮೂವರು ಒಬ್ಬರನ್ನೊಬ್ಬರು ಕೇಳಿದರು:
ಯಜಮಾನರ ಉಸಿರಿದೆಯೇ? ಇಲ್ಲ.
ಮತ್ತೊಮ್ಮೆ. ಇಲ್ಲ.
ಅಳಲಿಲ್ಲ, ಹನ್ನೊಂದನೆಯ ದಿನಕ್ಕೆ ಕಾಯಲಿಲ್ಲ.
ಯಾರ ತೂಕ ಹೆಚ್ಚು? ಎಲ್ಲರದೂ ಸಮ
(ಬೇರೆ ಬೇರೆ ಬರೆಯಲು ನನಗೆ ಸೋಮಾರಿತನ).
ಯಾರು ಹೆಚ್ಚು ದಿನದಿಂದ ಎದ್ದಿದ್ದಾರೆ?
ಎರಡನೆಯದನ್ನು ಶುಕ್ರವಾರ ನಾನೇ ಆರಿಸಿ ಹೊತ್ತಿಸಿದ್ದೆ.
ನಾಲ್ಕನೆಯದು ಹೋದ ತಿಂಗಳು ಬಂದ ಹೊಸ ಸೊಸೆ.
ಮೂರನೆಯದು ಯುಗಾದಿಯಿಂದ ಕಣ್ಣು ಮುಚ್ಚಿಲ್ಲ.
ಅದರ ಹಣೆಗೆ ಹಸಿರು ಬೊಟ್ಟು ಬಂತು.

ಹದಿನಾಲ್ಕು ಸೆಕೆಂಡು.
ಪರದೆ ಎಚ್ಚೆತ್ತು ನಾನೂರ ಹದಿನೈದು ಎಂದಿತು.
ಚೌಡಪ್ಪನ ಬಾಯಿ ಇನ್ನೂ ತೆರೆದೇ ಇತ್ತು.
ಯಾರೋ ನಕ್ಕರು.

ಸಂಜೆ ಹಲ್ಲಿಯನ್ನು ಪೇಪರಿನಲ್ಲಿ ಎತ್ತಿಹಾಕಿ
ಡಬ್ಬಿ ಬದಲಿಸಿ ಮೊದಲನೆಯದನ್ನು ಎಬ್ಬಿಸಿದೆ.
ಕಣ್ಣುಜ್ಜಿ ಕೇಳಿತು: ಯಜಮಾನರು ಯಾರಾದರೂ ಇದ್ದಾರೆಯೇ?
ಇದ್ದಾರೆ, ಮೂರನೆಯವರು.
ಸರಿ, ಎಂದಿತು.
ಲೆಕ್ಕವೆಲ್ಲ ಅವರಿಂದಲೇ ಬರೆದುಕೊಂಡು
ತನ್ನ ಪಾಲಿನ ತಕ್ಕಡಿಗಳಿಗೆ ದಾರಿ ಬಿಟ್ಟು ಕೂತಿತು.
ಕುರ್ಚಿ ಕೇಳಲಿಲ್ಲ.

ಸಾಹೇಬರು ಫೋನಿನಲ್ಲಿ: "ಒಂದನೇದೇ ಒಂದನೇದಾಗಿರಲಿ, ಶಾಹಿಸ್ತಾ."
"ಆಗಲಿ ಸರ್."
ಅದಕ್ಕೆ ಎಲ್ಲವನ್ನೂ ಮಲಗಿಸಿ ಎಬ್ಬಿಸಬೇಕು.
ಮುಟ್ಟಲಿಲ್ಲ.

ಬಾಗಿಲಲ್ಲಿ ಚೌಡಪ್ಪ, ಎರಡು ಲೋಟ ಟೀ.
"ಈಗ ಯಾರಮ್ಮಾ ಯಜಮಾನ?"
"ಮೂರನೇದು."
"ಓಟು ಹಾಕಿದ್ರಾ?"
"ಇಲ್ಲ. ಯಾರು ಹೆಚ್ಚು ಹೊತ್ತು ಎಚ್ಚರ ಇದ್ರೋ ಅವರು."
"ಹಂಗಾದ್ರೆ ನಮ್ಮನೇಲಿ ನಮ್ಮಾಕೆ.
ಹುಳ ನಾಕನೇ ಜ್ವರ ಎದ್ದ ಮೇಲೆ ಅವಳಿಗೆಲ್ಲಿ ನಿದ್ದೆ."

ಹಿಂದೆ ಬಗ್ಗಿ ನೋಡಿ ಕೇಳಿದ:
"ಇದು ಎರಡು ಕಡೆ ಕಿತ್ತೋದ್ರೆ?"
"ಎರಡು ಗುಂಪು, ಇಬ್ಬರು ಯಜಮಾನರು.
ಒಂದೇ ಹೆಸರು ಹೇಳ್ಕೊಂಡು ಇಬ್ಬರೂ ಕೂಗ್ತಾರೆ."

ಅವನು ಲೋಟ ಕೆಳಗಿಟ್ಟ.
"ಹಳೇ ಮಾರ್ಕೆಟ್ಟಲ್ಲಿ ಒಂದ್ಸಲ ಹಂಗೇ ಆಗಿತ್ತು.
ಒಂದೇ ಲಾಟು, ಈ ಕಡೆ ನಾನು, ಆ ಕಡೆ ಪಿಳ್ಳಣ್ಣ.
ಜಗಳ ಹರಿಯೋ ಹೊತ್ತಿಗೆ ಗೂಡು ತೂತಾಗಿ
ಚಿಟ್ಟೆ ಹೊರಗೆ ಬಂದಿದ್ವು.
ಬೆಳ್ಳಗೆ. ಹಾರಕ್ಕೂ ಬರಲ್ಲ ಅವಕ್ಕೆ."

ಅವನು ಹೋದ ಮೇಲೆ ಕೈ ಹಾಕಿ
ನಾಲ್ಕೂ ಕೇಬಲ್ಲು ಒತ್ತಿ ನೋಡಿದೆ. ಬಿಗಿ.
ಖಾಲಿ ಹಜಾರದಲ್ಲಿ ಯಾರೋ
ಮೆಲ್ಲಗೆ ಗಂಟಲು ನೋಡಿಕೊಳ್ಳುತ್ತಿದ್ದರು:
ನಾನೂರಾ ಹತ್ತೂ...