ಕಪ್ತಾನನ ನಾಲ್ಕನೇ ಗುಂಡಿ

ಮಧ್ಯಾಹ್ನ ಒಂದರಿಂದ ನಾಲ್ಕು, ಸೂರ್ ಪೇಟೆಗೆ ಪೇಟೆಯೇ ಶಟರು.
ಅರ್ಧ ಎಳೆದ ನಮ್ಮ ಶಟರಿನಡಿ ನುಸುಳಿ
ಮುಹನ್ನದ್ ಬರುತ್ತಾನೆ, ಚಪ್ಪಲಿ ಹೊರಗೆ, ಕೈಯಲ್ಲಿ ನೋಟುಪುಸ್ತಕ.
ಎಂಟು ವರ್ಷ. ಅಂಗಡಿ ಯಜಮಾನನ ಮೊಮ್ಮಗ,
ಹಾಗಾಗಿ ಟೀವಿಯ ರಿಮೋಟಿಗೆ ಯಜಮಾನ.

ಹಡಗಿನ ಕಾರ್ಟೂನು. ಒಬ್ಬ ಕಪ್ತಾನ, ಒಂದು ಆಡು,
ಯಾರೂ ಕಾಣದ ಉಪ್ಪಿನ ದ್ವೀಪ ಹುಡುಕುತ್ತಾ ಎಪ್ಪತ್ತು ಕಂತು.
ಕತೆ ಅವನಿಗೆ ಬೇಡ. ತಪ್ಪು ಬೇಕು.
"ಆಡಿನ ಹಗ್ಗ ಸಮುದ್ರಕ್ಕೆ ಬಿತ್ತಲ್ಲ ಮಾಸ್ಟರ್?
ಈಗ ನೋಡು."
ಆಡು ಅದೇ ಹಗ್ಗದಲ್ಲಿ ಕಟ್ಟಿಸಿಕೊಂಡು
ಏನೂ ಆಗದ ಹಾಗೆ ಮೆಲುಕು ಹಾಕುತ್ತಿದೆ.
ಬರೆದುಕೊಂಡ: ಮೂವತ್ತೆಂಟು.

ಮೊದಮೊದಲು ನನಗೊಂದೂ ಕಾಣುತ್ತಿರಲಿಲ್ಲ.
ಒಂದು ದಿನ ಕಾಲರು ಹೊಲಿಯುತ್ತಾ ತಲೆ ಎತ್ತಿದರೆ
ಕಪ್ತಾನನ ಕೋಟಿಗೆ ಐದು ಗುಂಡಿ. ಕತ್ತಿ ಎಳೆದ, ನಾಲ್ಕು.
ಒರೆಗೆ ಹಾಕಿದ, ಐದು.
ಇನ್ನೊಂದು ಗಳಿಗೆಗೆ ಗುಂಡಿಪಟ್ಟಿ ಬಲದಿಂದ ಎಡಕ್ಕೆ ಹಾರಿ
ಗಂಡಸಿನ ಕೋಟು ಹೆಂಗಸಿನದಾಗಿ, ಮತ್ತೆ ಗಂಡಸಿನದು.
ಮಿಶನ್ನು ನಿಲ್ಲಿಸಿ ಕೂಗಿಯೇಬಿಟ್ಟೆ.
ಹುಡುಗ ಅವತ್ತು ನನ್ನನ್ನು ಹೊಸದಾಗಿ ನೋಡಿದ.

ಈಗೀಗ ಸಲ್ಲೂಮ್ ಅಜ್ಜನೂ ಬರುತ್ತಾನೆ. ಆಚೆ ಹಡಗುಕಟ್ಟೆಯಲ್ಲಿ
ಐವತ್ತು ವರ್ಷ ತೇಗಕ್ಕೆ ಮೊಳೆ ಹೊಡೆದ ಕೈ.
"ಹಾಯಿ ಮುಂದಕ್ಕೆ ಉಬ್ಬಿದೆ, ಬಾವುಟ ಹಿಂದಕ್ಕೆ.
ಒಂದೇ ಕಂಬಕ್ಕೆ ಎರಡು ಗಾಳಿಯಾ?"
ಖರ್ಜೂರದ ಬೀಜ ಅಂಗೈಗೆ ಉಗಿದು ಹೇಳುತ್ತಾನೆ
"ಇದನ್ನು ಬರೆದವನು ಗಾಳಿಯನ್ನೇ ಕಂಡಿಲ್ಲ."

ಕಂಡಿರಬಹುದು ಅಜ್ಜ.
ಹಬ್ಬದ ಹಿಂದಿನ ವಾರ, ರಾತ್ರಿ ಎರಡಕ್ಕೆ,
ನೂರಾಹತ್ತನೇ ಡಿಶ್‌ಡಾಶಾದ ಕೊರಳಿಗೆ
ಗೊಂಡೆ ಹೊಲಿದು ಎತ್ತಿ ಹಿಡಿದರೆ ಬೆನ್ನ ಕಡೆ!
ಮೂವರೂ ನಕ್ಕೆವು ಕಣ್ಣಲ್ಲಿ ನೀರು ಬರುವಷ್ಟು, ಆಮೇಲೆ ಬಿಚ್ಚಿದೆವು.
ಬಂದ ಹೊಸತರಲ್ಲಿ ಇನ್ನೊಂದು. ಯಜಮಾನ ತೋಳಿನಳತೆ ಬರೆದ ಚೀಟಿ,
ಅರಬಿಯ ಐದು ನಮ್ಮ ಸೊನ್ನೆಯಷ್ಟೇ ದುಂಡಗೆ.
ಇಪ್ಪತ್ತೈದನ್ನು ಇಪ್ಪತ್ತೆಂದು ಕತ್ತರಿಸಿದೆ.
ಆ ಗಿರಾಕಿಯ ಬೋಳು ಮುಂಗೈ ಇವತ್ತಿಗೂ ಕನಸಿಗೆ ಬರುತ್ತದೆ.
ಹಾಗೇ ಎಲ್ಲೋ ಒಂದೂರಲ್ಲಿ, ಟ್ಯೂಬ್‌ಲೈಟಿನ ಕೆಳಗೆ,
ಯಾರೋ ಒಬ್ಬಳು ನಾಲ್ಕನೇ ಗುಂಡಿ ಮರೆತು
ಟೀ ಕುಡಿಯಲು ಎದ್ದಿರಬೇಕು.

ಮೊನ್ನೆ ಶನಿವಾರ ಜಾಹೀರಾತಿನ ನಡುವೆ ಮುಹನ್ನದ್ ಕೇಳಿದ
"ಮಾಸ್ಟರ್, ನಿನ್ನ ಮಗಳಿಗೆ ಎಷ್ಟು ವರ್ಷ?"
ಏಳು, ಅಂದೆ, ದಾರ ಪೋಣಿಸುತ್ತಾ.
ಅವನು ಪುಟ ಹಿಂದಕ್ಕೆ ತಿರುವಿದ.
"ಹೋದ ರಮದಾನಿನಲ್ಲೂ ಏಳು ಅಂದಿದ್ದೆ.
ಆಗ ನನಗೂ ಏಳು. ನಾನು ಎಂಟಕ್ಕೆ ಬಂದೆನಲ್ಲ?"
ಸಲ್ಲೂಮ್ ಅಜ್ಜ ಅಗಿಯುವುದನ್ನು ನಿಲ್ಲಿಸಿದ.

ಅಳತೆಪುಸ್ತಕದ ಕೊನೆಯ ಹಾಳೆ:
ಧನ್ವಿತಾ. ಎದೆ ಇಪ್ಪತ್ತಮೂರು, ಉದ್ದ ಇಪ್ಪತ್ತಾರು.
ಅದೇ ಅಳತೆಗೆ ಮೂರು ಫ್ರಾಕು ಹೊಲಿದು
ಶಿರೂರಿಗೆ ಹೋಗುವವರ ಕೈಯಲ್ಲಿ ಕಳಿಸಿದ್ದೇನೆ.
ಫೋಟೋದಲ್ಲಿ ಅವಳು ನಗುತ್ತಿದ್ದಳು. ನಾನು ನಗು ನೋಡಿದೆ.
ಗುಂಡಿ ಎಣಿಸುವ ಕಣ್ಣು
ಮೊಣಕಾಲಿನ ತನಕ ಇಳಿಯಲೇ ಇಲ್ಲ.

ಹುಡುಗನಿಗೆ ಕರುಣೆಯಿಲ್ಲ, ಕಪಟವೂ ಇಲ್ಲ. ಬರೆದುಕೊಂಡ:
ನಲವತ್ತೆರಡು, ಮಾಸ್ಟರ್.

ಫೋನು ಹಚ್ಚಿದೆ. ಟೇಪು ತಗೋ, ಅಂದೆ ಹೆಂಡತಿಗೆ.
ಏನು, ಯಾಕೆ, ಈಗಲೇಯಾ, ಎಂದೆಲ್ಲ ಆಗಿ
"ನೆಟ್ಟಗೆ ನಿಲ್ಲೇ, ಅಲ್ಲಾಡಬೇಡ" ಆಗಿ
ಅಂಕಿ ಒಂದೊಂದೇ ಕಡಲು ದಾಟಿ ಬಂತು.
ನನ್ನ ಕೈಯಲ್ಲಿ ಸೂಜಿ. ಹರಕು ಅರಬಿಯಲ್ಲಿ ನಾನು ಹೇಳಿದೆ,
ಮುಹನ್ನದ್ ಬರೆದ.
ಉದ್ದಕ್ಕೆ ಬರುವಾಗ ಆಚೆಯಿಂದ ಅವಳದೇ ದನಿ:
"ಅಪ್ಪಾ, ಫ್ರಾಕು ಬೇಡ. ಪ್ಯಾಂಟು."

ಟೀವಿಯಲ್ಲಿ ಕಪ್ತಾನ ಕತ್ತಿ ಎಳೆದ.
ಯಾರೂ ಎಣಿಸಲಿಲ್ಲ.
ಚೀಟಿ ಹಿಡಿದು, ದುಂಡಗಿದ್ದಲ್ಲೆಲ್ಲ ಬೆರಳಿಟ್ಟು ಕೇಳಿದೆ
ಇದು ಐದು ತಾನೇ? ಇದು?
"ಐದೇ ಮಾಸ್ಟರ್. ಸೊನ್ನೆ ಅಂದರೆ
ಬರೀ ಒಂದು ಚುಕ್ಕೆ."